ಎರಡು ಬೆರಳು, ಬೆನ್ನ ಮೇಲೆ, ಮೆಲ್ಲಗೆ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ವಿಜ್ಞಾನಿ ಅಲ್ಲ. ಅಕ್ವೇರಿಯಂಗಳಲ್ಲಿ ಟಚ್ ಪೂಲ್ ಅಂತ ಒಂದು ಇರುತ್ತದೆ, ಸೊಂಟದೆತ್ತರದ ತಗ್ಗು ತೊಟ್ಟಿ, ಜನ ಕೈ ಅದ್ದಿ ಪ್ರಾಣಿಗಳನ್ನು ಮುಟ್ಟಬಹುದು. ಅಂಥ ಒಂದು ತೊಟ್ಟಿಯ ಪಕ್ಕ ನಾಲ್ಕು ವರ್ಷ, ರಜೆ ದಿನಗಳಲ್ಲಿ, ಸಂಬಳ ಇಲ್ಲದೆ ನಿಂತವಳು ನಾನು. ನನ್ನ ಕೆಲಸ ಹೆಚ್ಚುಕಮ್ಮಿ ಒಂದೇ ವಾಕ್ಯ. "ಎರಡು ಬೆರಳು, ಬೆನ್ನ ಮೇಲೆ, ಮೆಲ್ಲಗೆ." ದಿನಕ್ಕೆ ಎಷ್ಟು ಸಲ ಹೇಳಿದ್ದೇನೋ, ಮನೆಯಲ್ಲಿ ನಿದ್ದೆಗಣ್ಣಲ್ಲೂ ಅದನ್ನೇ ಹೇಳುತ್ತೇನೆ ಅಂತ ಮನೆಯವರು ನಗುತ್ತಾರೆ.

ಇವತ್ತಿನ ಮಾತು ಆ ವಾಕ್ಯದ ಬಗ್ಗೆಯೇ. ಕಡಲ ಪ್ರಾಣಿಯ ಹತ್ತಿರ ಹೋಗಬೇಕು ಅನ್ನುವ ಆಸೆ ನಮಗೆಲ್ಲ ಇದೆ. ಆದರೆ ಎಷ್ಟು ಹತ್ತಿರ ಅನ್ನೋದನ್ನು ಯಾರು ತೀರ್ಮಾನ ಮಾಡುತ್ತಾರೆ, ನಾವಾ, ಅದಾ?

ತೊರಕೆ ಮೀನಿನಿಂದ, ಅಂದರೆ ಸ್ಟಿಂಗ್‌ರೇಯಿಂದ ಶುರು ಮಾಡೋಣ, ಟಚ್ ಪೂಲ್ ಅಂದರೆ ಜನ ಮೊದಲು ನೋಡೋದು ಅದನ್ನೇ. ಚಪ್ಪಟೆ ಮೈ, ರೆಕ್ಕೆ ಬೀಸಿದ ಹಾಗೆ ಈಜುವ ಚಂದ. ಕೆಲವು ತೊರಕೆಗಳು ಗಾಜಿನ ಅಂಚಿಗೆ ಹೊಟ್ಟೆ ತೋರಿಸಿಕೊಂಡು ಮೇಲೆ ಬರುತ್ತವೆ. ಆಗ ಅಡಿಭಾಗದಲ್ಲಿ ಒಂದು ನಗುವ ಮುಖ ಕಾಣುತ್ತದೆ, ಎರಡು ಕಣ್ಣು, ಒಂದು ಬಾಯಿ. ಜನ "ಅಯ್ಯೋ, ನಗ್ತಿದೆ ನೋಡು" ಅಂತ ಫೋನ್ ತೆಗೆಯುತ್ತಾರೆ. ನಿಜ ಹೇಳಬೇಕಂದರೆ ಆ ಕಣ್ಣುಗಳು ಕಣ್ಣೇ ಅಲ್ಲ, ಮೂಗಿನ ಹೊಳ್ಳೆಗಳು. ನಿಜವಾದ ಕಣ್ಣು ಬೆನ್ನಿನ ಕಡೆ ಇವೆ. ಆ ಕಣ್ಣಿನ ಹಿಂದೆಯೇ ಎರಡು ತೂತು ಕಾಣುತ್ತವೆ, ಮರಳಿನಲ್ಲಿ ಹುದುಗಿ ಮಲಗಿದಾಗ ಉಸಿರಾಟದ ನೀರು ಒಳಗೆ ಹೋಗೋದು ಅಲ್ಲಿಂದ. ಬಾಯಿ ಕೆಳಗೆ ಮರಳಿಗೆ ಅಂಟಿಕೊಂಡಿರುತ್ತದಲ್ಲ, ಅದರಿಂದ ನೀರು ಎಳೆದರೆ ಮರಳೂ ಒಳಗೆ ಹೋಗುತ್ತದೆ. ಅದಕ್ಕೇ ಈ ಮೇಲಿನ ಕಿಟಕಿ. ಹಾಗಾಗಿ ಬೆನ್ನು ಸವರುವಾಗ ಕಣ್ಣಿನ ಹತ್ತಿರ ಬೆರಳು ಹಾಕಬೇಡಿ ಅಂತ ನಾವು ಗಂಟಲು ಹರಿಯೋ ಹಾಗೆ ಹೇಳೋದು. ಅದು ಮೂಗಿಗೆ ಬೆರಳು ತುರುಕಿದ ಹಾಗೆ.

ಎರಡನೇ ಪ್ರಶ್ನೆ ಯಾವಾಗಲೂ ಬಾಲದ ಮುಳ್ಳಿನದು. ಟಿವಿಯಲ್ಲಿ ಕಾಡುಪ್ರಾಣಿಗಳನ್ನು ತೋರಿಸುತ್ತಿದ್ದ ಸ್ಟೀವ್ ಇರ್ವಿನ್ ಹೆಸರು ಬರದ ದಿನವೇ ಇರಲಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕಡಲಿನಲ್ಲಿ ತೊರಕೆಯ ಮುಳ್ಳು ಎದೆಗೆ ಚುಚ್ಚಿ ಅವರು ತೀರಿಕೊಂಡರು. ಅಂಥ ಸಾವು ತೀರಾ ಅಪರೂಪ. ತೊರಕೆ ಅಟ್ಟಿಸಿಕೊಂಡು ಬಂದು ಕಚ್ಚುವ ಜಾತಿಯಲ್ಲ, ಮೇಲೆ ಕಾಲಿಟ್ಟರೆ ಅಥವಾ ದಾರಿ ಕಟ್ಟಿದರೆ ಬಾಲ ಬೀಸುತ್ತದೆ, ಅಷ್ಟೆ. ಟಚ್ ಪೂಲ್‌ಗಳಲ್ಲಿ ಆ ಮುಳ್ಳನ್ನು ಆಗಾಗ ಕತ್ತರಿಸುತ್ತಾರೆ, ಮತ್ತೆ ಬೆಳೆಯುತ್ತದೆ, ಮತ್ತೆ ಕತ್ತರಿಸುತ್ತಾರೆ. ಇದನ್ನು ಕೇಳಿ ಕೆಲವರಿಗೆ ಸಮಾಧಾನ ಆಗುತ್ತದೆ, ಕೆಲವರ ಮುಖ ಸಣ್ಣದಾಗುತ್ತದೆ. ನನಗೆ ಎರಡೂ ಸರಿ ಅನಿಸುತ್ತದೆ. ನಾವು ನಿಶ್ಚಿಂತೆಯಾಗಿ ಮುಟ್ಟಬೇಕು ಅಂತ ಒಂದು ಪ್ರಾಣಿಯ ಆಯುಧ ಕಸಿದುಕೊಂಡಿದ್ದೇವೆ, ಅದನ್ನು ಮರೆಯೋದು ಬೇಡ.

ಮುಟ್ಟಿದರೆ ಹೇಗಿರುತ್ತದೆ? ಸೋಪು ಹಚ್ಚಿದ ರಬ್ಬರ್ ಥರ. ಆ ಜಾರುವ ಲೋಳೆ ಅದರ ಮೈಗಾವಲು, ರೋಗಾಣುಗಳು ಒಳಗೆ ಹೋಗದ ಹಾಗೆ ತಡೆಯುತ್ತದೆ. ಇಡೀ ಅಂಗೈ ಇಟ್ಟು ಉಜ್ಜಿದರೆ ಲೋಳೆ ಹೋಗುತ್ತದೆ. ಎರಡು ಬೆರಳು ಅನ್ನುವ ನಿಯಮ ಬಂದಿದ್ದು ಹಾಗೆ. ಸುಮ್ನೆ ಶಿಸ್ತಿಗೆ ಮಾಡಿದ್ದಲ್ಲ. ಪಕ್ಕದಲ್ಲೇ ಮಲಗಿರುವ ಸಣ್ಣ ಬಾಂಬೂ ಶಾರ್ಕ್ ಸವರಿದರೆ ಬೇರೆ ಕಥೆ. ತಲೆಯಿಂದ ಬಾಲದ ಕಡೆಗೆ ಸವರಿದರೆ ನಯ, ಉಲ್ಟಾ ಸವರಿದರೆ ಮರಳು ಕಾಗದ. ಶಾರ್ಕ್ ಚರ್ಮದ ತುಂಬಾ ಹಲ್ಲಿನಂಥದ್ದೇ ಪುಟ್ಟ ಪುಟ್ಟ ಹುರುಪೆಗಳು ಇರುತ್ತವೆ, ಎಲ್ಲವೂ ಬಾಲದ ಕಡೆ ಬಾಗಿಕೊಂಡು. ಇದನ್ನು ಪುಸ್ತಕದಲ್ಲಿ ಓದಿದ ಮಗು ಮರೆಯಬಹುದು, ಬೆರಳಿಂದ ಓದಿದ ಮಗು ಮರೆಯೋದಿಲ್ಲ. ಟಚ್ ಪೂಲ್ ಇರಬೇಕು ಅಂತ ನಾನು ವಾದ ಮಾಡೋದಾದರೆ ಇದೊಂದೇ ಕಾರಣಕ್ಕೆ.

ಈಗ ನನ್ನ ತಪ್ಪಿನ ಕಥೆ. ಸೇರಿದ ಮೊದಲ ತಿಂಗಳು. ಒಬ್ಬ ಅಜ್ಜಿ ತಳದಲ್ಲಿದ್ದ ನಕ್ಷತ್ರ ಮೀನನ್ನು ನೋಡಬೇಕು ಅಂದರು, ಅವರಿಗೆ ಬಗ್ಗೋಕೆ ಆಗುತ್ತಿರಲಿಲ್ಲ. ನಾನು ದೊಡ್ಡ ಉಪಕಾರ ಮಾಡುವವಳ ಹಾಗೆ ಕಲ್ಲಿನ ಮೇಲಿಂದ ಅದನ್ನು ಎಳೆದು, ನೀರಿನಿಂದ ಮೇಲೆತ್ತಿ ಅವರ ಕೈಗೆ ಕೊಟ್ಟೆ. ಎಳೆಯುವಾಗ ಚರಚರ ಅಂತ ಸಣ್ಣ ಸದ್ದು ಬಂದ ಹಾಗಾಯಿತು. ಹಿಂದೆ ನಿಂತಿದ್ದ ಹಿರಿಯರು ಏನೂ ಬೈಯಲಿಲ್ಲ, ಕಲ್ಲು ತೋರಿಸಿದರು. ಅಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಅಂಟಿಕೊಂಡಿದ್ದವು. ಅವು ಅದರ ಕಾಲುಗಳು.

ನಕ್ಷತ್ರ ಮೀನಿಗೆ ತೋಳಿನ ಅಡಿಯಲ್ಲಿ ಸಾಲು ಸಾಲಾಗಿ ಕೊಳವೆ ಕಾಲುಗಳಿವೆ, ಕಲ್ಲಿಗೆ ಕಚ್ಚಿ ಹಿಡಿದುಕೊಳ್ಳೋದು ಅವುಗಳಿಂದಲೇ. ಜೋರಾಗಿ ಎಳೆದರೆ ಕಿತ್ತು ಬರುತ್ತವೆ. ಮತ್ತೆ ಬೆಳೆಯುತ್ತವೆ ಅನ್ನೋದು ನನಗೆ ಆಮೇಲೆ ಸಿಕ್ಕ ಸಮಾಧಾನ. ಅದಕ್ಕೆ ರಕ್ತ ಇಲ್ಲ, ಕಡಲ ನೀರೇ ಮೈಯೊಳಗೆ ಓಡಾಡಿ ಆ ಕಾಲುಗಳನ್ನು ನಡೆಸುತ್ತದೆ. ಮಿದುಳೂ ಇಲ್ಲ. ಆದರೂ ಪ್ರತಿ ತೋಳಿನ ತುದಿಯಲ್ಲಿ ಬೆಳಕು ಗುರುತಿಸುವ ಒಂದು ಕಣ್ಣಿನ ಚುಕ್ಕೆ ಇದೆ. ನೀರಿನಿಂದ ಹೊರಗೆ ತೆಗೆದರೆ ಉಸಿರು ಕಟ್ಟುತ್ತದೆ, ಅದರ ಕಿವಿರು ಇರೋದು ಚರ್ಮದ ಮೇಲೇ. ಆಮೇಲಿನ ದಿನಗಳಲ್ಲಿ ಬಗ್ಗೋಕೆ ಆಗದವರು ಬಂದರೆ, ನೀರು ತುಂಬಿದ ಪಾರದರ್ಶಕ ಡಬ್ಬಿ ಇಟ್ಟು, ಅದಾಗಿ ಹತ್ತಿದರೆ ತೋರಿಸುತ್ತಿದ್ದೆವು. ಹತ್ತದಿದ್ದರೆ ಇಲ್ಲ.

ಚಿಕ್ಕ ಪ್ರಾಣಿಗಳ ಹತ್ತಿರ ಜನ ಜಾಸ್ತಿ ಹೊತ್ತು ನಿಲ್ಲೋದಿಲ್ಲ, ನನಗೆ ಅದೇ ಬೇಜಾರು. ಸೀ ಅನಿಮೋನ್ ಅನ್ನೋ ಹೂವಿನಂಥ ಪ್ರಾಣಿಯನ್ನು ಮುಟ್ಟಿದರೆ ಬೆರಳಿಗೆ ಅಂಟು ಅಂಟಾದ ಹಾಗೆ ಆಗುತ್ತದೆ. ಅದು ಅಂಟಲ್ಲ. ಅದು ನಿಮಗೆ ಕುಟುಕುತ್ತಿದೆ! ಸಾವಿರಾರು ಸೂಕ್ಷ್ಮ ಮುಳ್ಳುಗಳನ್ನು ನಿಮ್ಮ ಚರ್ಮಕ್ಕೆ ಹಾರಿಸಿದೆ, ಬೆರಳಿನ ಚರ್ಮ ದಪ್ಪ ಇರೋದರಿಂದ ನೋವು ಗೊತ್ತಾಗೋದಿಲ್ಲ. ಲಾಳದ ಏಡಿ ಇನ್ನೊಂದು. ಏಡಿ ಅಂತ ಹೆಸರು, ಆದರೆ ಹತ್ತಿರದ ನಂಟು ಜೇಡ ಮತ್ತು ಚೇಳಿನ ಜೊತೆ. ಡೈನೋಸಾರ್‌ಗಿಂತ ಹಳೆಯ ವಂಶ. ಅದರ ಚೂಪು ಬಾಲ ನೋಡಿ ಎಲ್ಲರೂ ಹೆದರುತ್ತಾರೆ, ಅದು ಪಾಪ ಮಗುಚಿ ಬಿದ್ದರೆ ಎದ್ದುಕೊಳ್ಳೋಕೆ ಇಟ್ಟುಕೊಂಡ ಊರುಗೋಲು. ಇನ್ನು ಕ್ಲೀನರ್ ಸಿಗಡಿ ಇರುವ ತೊಟ್ಟಿ ಎಲ್ಲಾದರೂ ಸಿಕ್ಕರೆ ಕೈ ಇಟ್ಟು ಸುಮ್ಮನೆ ಕಾಯಿರಿ. ಬಂದು ನಿಮ್ಮ ಉಗುರಿನ ಸಂದಿಯನ್ನೆಲ್ಲ ಕೆರೆದು ತಿನ್ನುತ್ತದೆ. ಕಡಲಿನಲ್ಲಿ ದೊಡ್ಡ ಮೀನುಗಳಿಗೆ ಮಾಡುವ ಕೆಲಸವನ್ನೇ ನಿಮಗೂ ಮಾಡಿಕೊಡುತ್ತದೆ.

ಗಾಜಿನ ಕಥೆಗೆ ಬರೋಣ, ಎಲ್ಲವನ್ನೂ ಮುಟ್ಟೋಕಾಗೋದಿಲ್ಲವಲ್ಲ. ಜನರಿಗೆ ಅಂತಲೇ ಮಾಡಿದ ಮೊದಲ ಅಕ್ವೇರಿಯಂ ತೆರೆದಿದ್ದು 1853ರಲ್ಲಿ, ಲಂಡನ್ ಮೃಗಾಲಯದೊಳಗೆ. ಆಗ ಅದನ್ನು ಮೀನಿನ ಮನೆ ಅಂತ ಕರೆದರು. ಇವತ್ತು ಜಪಾನಿನ ಓಕಿನಾವಾದ ಚುರಾಉಮಿ ಅಕ್ವೇರಿಯಂನಲ್ಲಿ ವೇಲ್ ಶಾರ್ಕ್ ಇರುವ ತೊಟ್ಟಿ 7,500 ಘನ ಮೀಟರ್ ನೀರಿನದು. ಅದರ ಕಿಟಕಿ 22.5 ಮೀಟರ್ ಉದ್ದ, 8.2 ಮೀಟರ್ ಎತ್ತರ, 60 ಸೆಂಟಿಮೀಟರ್ ದಪ್ಪ. ಗಾಜಲ್ಲ, ಅಕ್ರಿಲಿಕ್. ಒಂದು ವಿಷಯ ತಿಳಿದಿರಲಿ, ನೀರಿನೊಳಗಿನ ಪ್ರಾಣಿ ನಿಮಗೆ ಇರೋದಕ್ಕಿಂತ ಹತ್ತಿರ ಕಾಣುತ್ತದೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ, ಕಿಟಕಿಯಿಂದ ನಾಲ್ಕು ಮೀಟರ್ ಒಳಗಿರುವ ಮೀನು ಮೂರೇ ಮೀಟರ್‌ನಲ್ಲಿ ಇರುವ ಹಾಗೆ ಅನಿಸುತ್ತದೆ. ಅಂದರೆ ಕಟ್ಟಡವೇ ನಮಗೆ ಒಂದಿಷ್ಟು ಹತ್ತಿರವನ್ನು ಪುಕ್ಕಟೆ ಕೊಟ್ಟಿದೆ. ಅದರ ಮೇಲೂ ಗಾಜು ಬಡಿಯುವವರು ಇದ್ದಾರೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಮೀನಿಗೆ ಕಿವಿ ಮಾತ್ರ ಅಲ್ಲ, ನೀರಿನ ಕದಲಿಕೆ ತಿಳಿಯೋಕೆ ಮೈಯುದ್ದಕ್ಕೂ ಒಂದು ಗೆರೆಯೇ ಇದೆ. ಬಡಿಯಬೇಡಿ, ಅಷ್ಟೆ.

ಆಕ್ಟೋಪಸ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಸಮಯ ಆಯಿತು ಅಂತ ಕೈ ತೋರಿಸಬೇಡಿ.

ಮೂರು ಹೃದಯ, ನೀಲಿ ರಕ್ತ, ಇದೆಲ್ಲ ನಿಮಗೆ ಗೊತ್ತಿರುತ್ತದೆ. ನರಕೋಶಗಳಲ್ಲಿ ಸುಮಾರು ಮೂರನೇ ಎರಡು ಪಾಲು ಇರೋದು ತಲೆಯಲ್ಲಿ ಅಲ್ಲ, ತೋಳುಗಳಲ್ಲಿ. ಪ್ರತಿ ಹೀರುಬಟ್ಟಲಿಗೂ ರುಚಿ ಗೊತ್ತಾಗುತ್ತದೆ. ಹಾಗಾಗಿ ಆಕ್ಟೋಪಸ್ ನಿಮ್ಮ ಕೈ ಹಿಡಿದುಕೊಂಡಿತು ಅಂದರೆ ಅದು ಹಿಡಿದು ನೋಡುತ್ತಿರೋದಷ್ಟೇ ಅಲ್ಲ, ನೆಕ್ಕಿಯೂ ನೋಡುತ್ತಿದೆ. ನೀವು ಹಚ್ಚಿಕೊಂಡ ಕ್ರೀಮು, ಬೆವರು, ಎಲ್ಲ ಅದಕ್ಕೆ ಗೊತ್ತಾಗುತ್ತದೆ. ನಾನು ಒಂದೇ ಸಲ, ಅದನ್ನು ನೋಡಿಕೊಳ್ಳುವವರ ಜೊತೆ ನಿಂತು, ತೊಟ್ಟಿಯೊಳಗೆ ಕೈ ಇಟ್ಟಿದ್ದೆ. ಮೊದಲು ಒಂದು ತೋಳಿನ ತುದಿ ಬಂತು, ದಾರದಷ್ಟು ಸಣ್ಣದು. ಉಗುರು ಮುಟ್ಟಿತು. ಹಿಂದೆ ಹೋಯಿತು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಎರಡು ತೋಳು ಬಂದು ಮಣಿಕಟ್ಟು ಸುತ್ತಿಕೊಂಡವು, ಒಂದೊಂದೇ ಬಟ್ಟಲು ಮುತ್ತು ಕೊಟ್ಟ ಹಾಗೆ ಅಂಟಿಕೊಳ್ಳುತ್ತಾ ಮೊಣಕೈವರೆಗೆ ಹತ್ತಿತು. ಅಷ್ಟರಲ್ಲಿ ಅದರ ಮೈ ಬಣ್ಣ ಕಂದಿನಿಂದ ಕೆಂಪಿಗೆ ತಿರುಗಿತ್ತು. ಬಿಡಿಸಿಕೊಂಡಾಗ ತೋಳಿನ ತುಂಬಾ ಗುಂಡು ಗುಂಡು ಗುರುತು. ಇಡೀ ದಿನ ತೋಳು ಮುಚ್ಚಿಕೊಳ್ಳದೆ ಓಡಾಡಿದೆ.

ಅದು ನಮ್ಮನ್ನು ಗುರುತಿಸುತ್ತದಾ? ಗುರುತಿಸುತ್ತದೆ. ಅಮೆರಿಕದ ಸಿಯಾಟಲ್ ಅಕ್ವೇರಿಯಂನಲ್ಲಿ ಒಂದು ಪ್ರಯೋಗ ಮಾಡಿದರು, 2010ರಲ್ಲಿ ಪ್ರಕಟವಾಯಿತು. ಒಂದೇ ಥರದ ಬಟ್ಟೆ ಹಾಕಿದ ಇಬ್ಬರು. ಒಬ್ಬರು ದಿನಾ ಊಟ ಕೊಡೋರು, ಇನ್ನೊಬ್ಬರು ಬಿರುಸು ಕೂದಲಿನ ಕಡ್ಡಿಯಿಂದ ಮೈ ಕೆರೆಯೋರು. ಕೆಲವೇ ದಿನಗಳಲ್ಲಿ ಆಕ್ಟೋಪಸ್‌ಗಳು ಇಬ್ಬರನ್ನೂ ಬೇರೆ ಬೇರೆ ಮಾಡಿ ನೋಡತೊಡಗಿದವು. ಊಟದವರ ಕಡೆ ಬರೋದು, ಕಡ್ಡಿಯವರಿಂದ ದೂರ ಸರಿಯೋದು. ನ್ಯೂಜಿಲೆಂಡಿನ ನೇಪಿಯರ್‌ನಲ್ಲಿ ಇಂಕಿ ಅಂತ ಒಂದು ಇತ್ತು. 2016ರಲ್ಲಿ ತೊಟ್ಟಿಯ ಮುಚ್ಚಳ ಸ್ವಲ್ಪ ಸಂದು ಬಿಟ್ಟಿದ್ದೇ ಸಾಕಾಯಿತು, ರಾತ್ರಿ ಹೊರಗೆ ಬಂದು, ನೆಲದ ಮೇಲೆ ತೆವಳಿ, 50 ಮೀಟರ್ ಉದ್ದದ ಪೈಪಿನೊಳಗೆ ನುಗ್ಗಿ ಕಡಲು ಸೇರಿತು. ಜಗತ್ತೆಲ್ಲ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ, ಅಕ್ವೇರಿಯಂ ಬ್ಯಾಡ್ಜ್ ಹಾಕಿಕೊಂಡೇ.

ಚಪ್ಪಾಳೆ ಹೊಡೆಯೋದು ಸುಲಭ. ಹಾಗೆ ಹೊರಗೆ ಹೋಗೋಕೆ ಆಗದ ಪ್ರಾಣಿಗಳ ಬಗ್ಗೆ ಮಾತಾಡೋದು ಕಷ್ಟ. ಡಾಲ್ಫಿನ್ ಬಗ್ಗೆ ಪ್ರಶ್ನೆ ಬರುತ್ತದೆ ಅಂತ ಗೊತ್ತು, ನಾನೇ ಹೇಳಿಬಿಡುತ್ತೇನೆ.

1938ರಲ್ಲಿ ಫ್ಲಾರಿಡಾದಲ್ಲಿ ಮರೀನ್ ಸ್ಟುಡಿಯೋಸ್ ಅಂತ ಒಂದು ಜಾಗ ತೆರೆಯಿತು, ನೀರಿನೊಳಗಿನ ಸಿನಿಮಾ ದೃಶ್ಯ ತೆಗೆಯೋಕೆ ಅಂತ ಕಟ್ಟಿದ್ದು. ಜನ ಮುಗಿಬಿದ್ದು ಬಂದರು, ಡಾಲ್ಫಿನ್ ಪ್ರದರ್ಶನದ ಯುಗ ಅಲ್ಲಿಂದ ಬೆಳೆಯಿತು. ಅದರ ನಗು ನೋಡಿದರೆ ಯಾರಿಗಾದರೂ ಖುಷಿಯಾಗುತ್ತದೆ. ಆದರೆ ತೊರಕೆಯ ನಗುವಿನ ಹಾಗೆ ಇದೂ ನಗು ಅಲ್ಲ, ದವಡೆಯ ಆಕಾರ. ಕಾಯಿಲೆ ಬಿದ್ದಾಗಲೂ ಹಾಗೇ ಇರುತ್ತದೆ. ಸತ್ತಾಗಲೂ. ಕಡಲಿನಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ಓಡಾಡುವ, ಗುಂಪಿನಲ್ಲಿ ಬದುಕುವ, ಸದ್ದು ಕಳಿಸಿ ಅದರ ಮಾರ್ದನಿಯಿಂದ ದಾರಿ ಕಾಣುವ ಪ್ರಾಣಿಗೆ ನಾಲ್ಕು ಗೋಡೆಯ ಕೊಳ ಎಷ್ಟು ದೊಡ್ಡದಿದ್ದರೂ ಚಿಕ್ಕದೇ ಅನ್ನೋದು ನನ್ನ ಅಭಿಪ್ರಾಯ. ಇದು ನನ್ನೊಬ್ಬಳ ಅಭಿಪ್ರಾಯವೂ ಅಲ್ಲ. ಭಾರತ 2013ರಲ್ಲಿ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡಬೇಡಿ ಅಂತ ರಾಜ್ಯಗಳಿಗೆ ಹೇಳಿತು. 2016ರಲ್ಲಿ ಸೀವರ್ಲ್ಡ್ ಅನ್ನೋ ಅಮೆರಿಕದ ಕಡಲ ಪ್ರಾಣಿ ಪಾರ್ಕುಗಳ ಕಂಪನಿ ಓರ್ಕಾಗಳನ್ನು, ಅಂದರೆ ಕಿಲ್ಲರ್ ವೇಲ್‌ಗಳನ್ನು, ಮರಿ ಮಾಡಿಸೋದನ್ನು ನಿಲ್ಲಿಸಿತು. 2019ರಲ್ಲಿ ಕೆನಡಾ ತಿಮಿಂಗಿಲ ಮತ್ತು ಡಾಲ್ಫಿನ್‌ಗಳನ್ನು ಹೊಸದಾಗಿ ಹಿಡಿದಿಡೋದನ್ನು ಕಾನೂನಿನಿಂದಲೇ ತಡೆಯಿತು.

ಡಾಲ್ಫಿನ್ ಜೊತೆ ಈಜಿ ಬಂದವರು ಇಲ್ಲಿ ಕೂತಿರಬಹುದು, ನಿಮ್ಮನ್ನು ಬೈಯೋಕೆ ಇದನ್ನು ಹೇಳುತ್ತಿಲ್ಲ. ರೆಕ್ಕೆ ಹಿಡಿದು ಎಳೆಸಿಕೊಂಡು ಹೋಗುವಾಗ ಅದಕ್ಕೆ ಬೇಡ ಅನ್ನೋ ದಾರಿ ಇತ್ತಾ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ, ಸಾಕು. "ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ" ಅಂತಾರಲ್ಲ, ಇಲ್ಲಿ ಇಲಿಯ ಮುಖದ ಮೇಲೆ ಹುಟ್ಟಾ ನಗು ಇದೆ, ಅದೇ ತೊಂದರೆ.

ಕೆಲವು ಪ್ರಾಣಿಗಳು ಬೇಡ ಅಂತ ಸ್ಪಷ್ಟವಾಗಿ ಹೇಳಿಬಿಡುತ್ತವೆ. ದೊಡ್ಡ ಬಿಳಿ ಶಾರ್ಕ್ ಅಂಥದ್ದು. ಈಜುತ್ತಲೇ ಇರಬೇಕು, ನಿಂತರೆ ಕಿವಿರಿಗೆ ನೀರು ಸಾಲದು. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ 2004ರಲ್ಲಿ ಒಂದು ಮರಿ ಶಾರ್ಕನ್ನು 198 ದಿನ ಇಟ್ಟುಕೊಂಡಿತ್ತು, ಅಷ್ಟು ದಿನ ಅದಕ್ಕೂ ಮೊದಲು ಯಾರಿಗೂ ಆಗಿರಲಿಲ್ಲ. ಕೊನೆಗೆ ಅದು ತೊಟ್ಟಿಯಲ್ಲಿದ್ದ ಬೇರೆ ಎರಡು ಶಾರ್ಕ್‌ಗಳನ್ನು ಕೊಂದ ಮೇಲೆ ಕಡಲಿಗೆ ಬಿಟ್ಟರು. ಇನ್ನೂ ಕೆಲವು ಸಲ ಪ್ರಯತ್ನ ಮಾಡಿ 2011ರ ಹೊತ್ತಿಗೆ ಆ ಕೆಲಸವನ್ನೇ ಬಿಟ್ಟರು.

ಹಾಗಾದರೆ ಕಡಲಿಗೇ ಹೋಗಿ ನೋಡಿದರೆ ಎಲ್ಲ ಸರಿಯಾ? ಅಷ್ಟು ಸುಲಭ ಇಲ್ಲ. ಕೆರಿಬಿಯನ್ ಕಡಲಿನ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಸ್ಟಿಂಗ್‌ರೇ ಸಿಟಿ ಅಂತ ಒಂದು ಮರಳ ದಿಬ್ಬ ಇದೆ. ಮೀನುಗಾರರು ಅಲ್ಲಿ ದೋಣಿ ನಿಲ್ಲಿಸಿ ಮೀನು ಸ್ವಚ್ಛ ಮಾಡಿ ಕಸ ನೀರಿಗೆ ಹಾಕುತ್ತಿದ್ದರು, ತೊರಕೆಗಳು ಬರತೊಡಗಿದವು, ಅವುಗಳ ಹಿಂದೆ ಪ್ರವಾಸಿಗಳು ಬಂದರು. ಬೇಲಿ ಇಲ್ಲ, ಗೋಡೆ ಇಲ್ಲ, ಎಲ್ಲವೂ ಅವುಗಳ ಇಷ್ಟ ಅಂತ ಕಾಣುತ್ತದೆ. ಅಧ್ಯಯನ ಮಾಡಿ ನೋಡಿದರೆ, ರಾತ್ರಿ ಬೇಟೆಯಾಡಿ ಒಂಟಿಯಾಗಿ ಬದುಕುವ ಜಾತಿ ಅಲ್ಲಿ ಹಗಲು ಹೊತ್ತು ಗುಂಪಾಗಿ ಓಡಾಡೋಕೆ ಶುರು ಮಾಡಿದೆ, ದೋಣಿ ತಾಗಿದ ಗಾಯ, ಒಂದನ್ನೊಂದು ಕಚ್ಚಿದ ಗುರುತು ಜಾಸ್ತಿ. ಕೈಯಲ್ಲಿ ತಿಂಡಿ ಹಿಡಿದು ಕರೆದರೆ ಬಂದಿದ್ದು ಅದರ ಇಷ್ಟಾನಾ, ಅಭ್ಯಾಸಾನಾ? ಟಚ್ ಪೂಲ್‌ನಲ್ಲಿ ಮೇಲೆ ಬರುವ ತೊರಕೆಗೂ ಇದೇ ಪ್ರಶ್ನೆ ಕೇಳಬೇಕು, ನಾನು ಕೇಳಿಕೊಂಡಿದ್ದೇನೆ, ಪೂರ್ತಿ ಉತ್ತರ ಸಿಕ್ಕಿಲ್ಲ.

ಇದರ ಇನ್ನೊಂದು ಮುಖ ಜಪಾನಿನಿಂದ. 2020ರಲ್ಲಿ ಕೊರೋನಾ ಬಂದು ಟೋಕಿಯೋದ ಸುಮಿದಾ ಅಕ್ವೇರಿಯಂ ಮುಚ್ಚಿತು. ಅಲ್ಲಿ 300ರಷ್ಟು ಗಾರ್ಡನ್ ಈಲ್‌ಗಳಿದ್ದವು, ಮರಳಿನಿಂದ ಹುಲ್ಲಿನ ಕಡ್ಡಿಯ ಹಾಗೆ ತಲೆ ಎತ್ತಿ ನಿಲ್ಲುವ ಹಾವುಮೀನು. ಸಂದರ್ಶಕರು ಇಲ್ಲದೆ ಅವು ಮನುಷ್ಯರನ್ನೇ ಮರೆತವು. ನೋಡಿಕೊಳ್ಳುವವರು ಹತ್ತಿರ ಬಂದರೂ ಮರಳೊಳಗೆ ಸೇರಿಕೊಳ್ಳುತ್ತಿದ್ದವು, ಆರೋಗ್ಯ ನೋಡೋಕೆ ಆಗುತ್ತಿರಲಿಲ್ಲ. ಕೊನೆಗೆ ತೊಟ್ಟಿಯ ಮುಂದೆ ಟ್ಯಾಬ್ಲೆಟ್‌ಗಳನ್ನು ಇಟ್ಟು, ದಯವಿಟ್ಟು ವಿಡಿಯೋ ಕಾಲ್ ಮಾಡಿ ನಿಮ್ಮ ಮುಖ ತೋರಿಸಿ, ಕೈ ಬೀಸಿ, ಕೂಗಬೇಡಿ ಅಂತ ಜನರನ್ನು ಕೇಳಿಕೊಂಡರು. 2025ರ ಶುರುವಿನಲ್ಲಿ ಶಿಮೊನೊಸೆಕಿಯ ಕೈಕ್ಯೋಕಾನ್ ಅಕ್ವೇರಿಯಂನಿಂದ ಇನ್ನೊಂದು ಸುದ್ದಿ ಬಂತು. ದುರಸ್ತಿಗೆ ಅಂತ ಮುಚ್ಚಿದ ಮೇಲೆ ಅಲ್ಲಿನ ಸನ್‌ಫಿಶ್ ಅನ್ನೋ ದೊಡ್ಡ ಮೀನು ಊಟ ಬಿಟ್ಟಿತು. ಜನ ಇಲ್ಲದೆ ಬೇಜಾರಾಗಿರಬಹುದಾ ಅಂತ ಒಬ್ಬ ಸಿಬ್ಬಂದಿಗೆ ಹೊಳೆಯಿತು. ತೊಟ್ಟಿಯ ಮುಂದೆ ಬಟ್ಟೆ ತೂಗುಹಾಕಿ, ಮನುಷ್ಯರ ಮುಖದ ಚಿತ್ರ ಅಂಟಿಸಿದರು. ಮರುದಿನ ಅದು ಚೇತರಿಸಿಕೊಂಡಿತು. ಇದನ್ನೇ ಸಾಕ್ಷಿ ಅಂತ ಹಿಡಿದು ಮೀನಿಗೆ ನಮ್ಮ ಮೇಲೆ ಪ್ರೀತಿ ಅಂತ ಹೇಳೋಕಾಗೋದಿಲ್ಲ. ಆದರೆ ನಾವು ನೋಡುತ್ತಿದ್ದೇವೆ ಅಂದುಕೊಂಡ ಕಿಟಕಿಯಿಂದ ಅವೂ ನಮ್ಮನ್ನು ನೋಡುತ್ತಿದ್ದವು, ಅಲ್ವಾ.

ಕೂತಿದ್ದವರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ತೊಂದರೆಯಾ ಅಂತ ಒಬ್ಬರು ಕೇಳಿದರು. ಹಾಕಬೇಡಿ ಅಂತ ಬೋರ್ಡ್ ಇದ್ದರೆ ಹಾಕಬೇಡಿ, ಮುಗಿಯಿತು. ಆದರೆ ಒಂದು ಆಶ್ಚರ್ಯದ ವಿಷಯ ಹೇಳುತ್ತೇನೆ. ಸಮುದ್ರ ಕುದುರೆ ಮತ್ತು ಅಂಥ ನಿಧಾನದ ಮೀನುಗಳ ಮೇಲೆ ಸಂಶೋಧಕರು ಪರೀಕ್ಷೆ ಮಾಡಿ ನೋಡಿದಾಗ, ಫ್ಲ್ಯಾಶ್‌ಗಿಂತ ಜಾಸ್ತಿ ಗಾಬರಿ ಮಾಡಿದ್ದು ಚಂದದ ಫೋಟೋಗೆ ಅಂತ ಅವನ್ನು ಬೆರಳಿಂದ ಮುಟ್ಟಿ, ತಿರುಗಿಸಿ, ಸರಿ ಮಾಡಿ ಕೂರಿಸೋದು. ಬೆಳಕಿಗಿಂತ ಬೆರಳು ಕೆಟ್ಟದ್ದು.

ಇನ್ನೊಬ್ಬರು, ಮಕ್ಕಳನ್ನು ಕರೆದುಕೊಂಡು ಹೋಗುವಾಗ ಏನು ನೋಡಬೇಕು ಅಂದರು. ತೊಟ್ಟಿಯಲ್ಲಿ ಜನರ ಕೈ ಎಟುಕದ ಜಾಗ ಇದೆಯಾ ನೋಡಿ. ಪ್ರಾಣಿ ಅಲ್ಲಿ ಹೋಗಿ ಕೂರಬಹುದು ಅನ್ನೋ ಹಾಗಿದ್ದರೆ ಒಳ್ಳೆಯ ಜಾಗ. ಯಾರೂ ನಿಂತು ನೋಡಿಕೊಳ್ಳದ ಟಚ್ ಪೂಲ್ ಆದರೆ ಮುಂದೆ ಹೋಗಿಬಿಡಿ. ಫೋಟೋಗೆ ಅಂತ ಆಮೆಯನ್ನು ನೀರಿನಿಂದ ಎತ್ತಿ ಕೈಗೆ ಕೊಡುವ ಕಡೆ ಟಿಕೆಟ್ ತಗೋಬೇಡಿ. ಕೈ ಅದ್ದುವ ಮೊದಲು ಬರೀ ನೀರಲ್ಲಿ ತೊಳೆಯಿರಿ, ಸನ್‌ಸ್ಕ್ರೀನು, ಸ್ಯಾನಿಟೈಸರ್ ಏನೂ ಉಳಿಯಬಾರದು. ಉಂಗುರ, ಬಳೆ ತೆಗೆದಿಡಿ. ಆಮೇಲೆ ಸೋಪು ಹಾಕಿ ತೊಳೆಯಿರಿ, ಅದು ನಿಮಗೋಸ್ಕರ. ಕೈಯಲ್ಲಿ ಗಾಯ ಇದ್ದರೆ ಅವತ್ತು ನೋಡಿಯಷ್ಟೇ ಬನ್ನಿ.

ಮತ್ತೆ ಮಕ್ಕಳಿಗೆ ಕಾಯೋಕೆ ಹೇಳಿಕೊಡಿ. ಒಂದು ಸಲ ಆರೇಳು ವರ್ಷದ ಹುಡುಗಿ, ಉಳಿದವರೆಲ್ಲ ತೊರಕೆಯ ಹಿಂದೆ ಕೈ ಆಡಿಸುತ್ತಾ ಓಡುವಾಗ, ಒಂದು ಮೂಲೆಯಲ್ಲಿ ಅಂಗೈ ಮೇಲೆ ಮಾಡಿ ನೀರಲ್ಲಿಟ್ಟುಕೊಂಡು ನಿಂತಿದ್ದಳು. ನಾನು ಹೋಗಿ, "ಎರಡು ಬೆರಳು ಪುಟ್ಟಾ" ಅಂದೆ. "ಆಂಟಿ, ನಾನು ಮುಟ್ಟುತ್ತಾ ಇಲ್ಲ," ಅಂದಳು. ಐದು ನಿಮಿಷ ಆಯಿತು, ಹತ್ತು ಆಯಿತು, ಅವಳ ಅಮ್ಮ ಎರಡು ಸಲ ಕರೆದರು, ತೋಳು ನಡುಗೋಕೆ ಶುರುವಾಗಿತ್ತು. ಒಂದು ತೊರಕೆ ದೂರದಿಂದ ಸುತ್ತು ಹಾಕಿ ಬಂದು, ಅವಳ ಅಂಗೈ ಮೇಲೆ ಹೊಟ್ಟೆ ತಾಗಿಸಿಕೊಂಡು ಹೋಯಿತು. ಅವಳು ಕೂಗಲಿಲ್ಲ. ಕೈ ತೆಗೆಯಲೂ ಇಲ್ಲ. "ಅದು ಇನ್ನೊಂದ್ಸಲ ಬರುತ್ತೆ," ಅಂತ ಅಮ್ಮನಿಗೆ ಪಿಸುಗುಟ್ಟಿದಳು.